ಸ್ಲೇಟು ಹಿಡಿದ ಹುಡುಗಿ

ಪಿಟೀಲಮ್ಮನ ಕಮಾನು ಬೆರಳ ಗೆಣ್ಣಿನ ಮೇಲೆ ಬಿದ್ದಾಗ ಶಿಷ್ಯ ತುಟಿಪಿಟಕ್ಕೆನ್ನಲಿಲ್ಲ. ಮೀಸೆ ಬಂದು ಎಷ್ಟೋ ವರ್ಷವಾದ, ಮದುವೆಯಾಗಿ ಮಕ್ಕಳಿದ್ದ ಗಂಡಸು ಅವನು. ಕಣ್ಣಲ್ಲಿ ನೀರು ತುಂಬಿದ್ದನ್ನು ಪಿಟೀಲು ಒರೆಸುವ ನೆವದಲ್ಲಿ ಬಗ್ಗಿ ಮರೆಮಾಡಿದ.

“ನಿನ್ನ ಕೈಗೆ ಪಿಟೀಲಿಗಿಂತ ಗರಗಸ ಚೆನ್ನಾಗಿ ಒಗ್ಗುತ್ತೆ,” ಎಂದಳು ಪಿಟೀಲಮ್ಮ ತಣ್ಣಗೆ. “ಮನೆಗೆ ಹೋಗಿ ಹೆಂಡತಿ ಹತ್ರ ಕೇಳು. ಅವಳೂ ಅದನ್ನೇ ಹೇಳ್ತಾಳೆ.”

ಅವನು ಪೆಟ್ಟಿಗೆ ಮುಚ್ಚಿಕೊಂಡು ಹೊರಗೆ ಹೋದ. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದ ಇನ್‌ಸ್ಪೆಕ್ಟರಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಬಂದು ಅಷ್ಟು ಹೊತ್ತಾದರೂ ಮನೆಯೊಡತಿ ಒಂದು ಲೋಟ ನೀರು ಬೇಕೇ ಎಂದು ಕೇಳಿರಲಿಲ್ಲ. ಕಾಯಿಸುವುದು ಆಕೆಗೆ ಅಭ್ಯಾಸ. ಕಾಯುವುದು ಇನ್‌ಸ್ಪೆಕ್ಟರಮ್ಮನಿಗೂ ಅಭ್ಯಾಸ.

ಆದರೆ ಈ ಸಲ ಕಾಯಲು ಪುರುಸೊತ್ತಿರಲಿಲ್ಲ. ಪತ್ರಾಗಾರದ ನೆಲಮಾಳಿಗೆಯಲ್ಲಿ, ಚಕ್ರ ತಿರುಗಿಸಿದರೆ ಹಳಿಯ ಮೇಲೆ ಸರಿದು ಒಂದಕ್ಕೊಂದು ಅಂಟಿಕೊಳ್ಳುವ ಕಬ್ಬಿಣದ ಕಪಾಟುಗಳ ನಡುವೆ ಟೀಚರಮ್ಮ ಅಪ್ಪಚ್ಚಿಯಾಗಿ ಸತ್ತು ವಾರವಾಗುತ್ತ ಬಂದಿತ್ತು; ಕೀಲಿ ತನ್ನ ಹತ್ತಿರವಿತ್ತೆಂಬ ಒಂದೇ ಕಾರಣಕ್ಕೆ ಅಲ್ಲಿನ ಕಾವಲುಗಾರ ಬೀಗದಯ್ಯ ಲಾಕಪ್ಪಿನಲ್ಲಿ ಕೊಳೆಯುತ್ತಿದ್ದ.

ಬೀಗದಯ್ಯನಿಗೆ ನಿನ್ನೆಯಿಂದ ಬುದ್ಧಿ ನೆಟ್ಟಗಿರಲಿಲ್ಲ. ಠಾಣೆಯ ಮೇಲಿನ ಸಾಹೇಬರ ಹುಡುಗರು ಅವನನ್ನು ‘ವಿಚಾರಿಸಿದ’ ಮೇಲೆ ಏನು ಕೇಳಿದರೂ ಹೌದು ಎನ್ನುತ್ತಿದ್ದ. ನೀನೇ ಕೊಂದೆಯಾ ಎಂದರೂ ಹೌದು, ಊಟ ಆಯಿತಾ ಎಂದರೂ ಹೌದು. ನಾಳೆ ಕೋರ್ಟಿನಲ್ಲೂ ಅದನ್ನೇ ಹೇಳುತ್ತಾನೆ. ಅಲ್ಲಿಗೆ ಅವನ ಕಥೆ ಮುಗಿಯಿತು.

ಪಿಟೀಲಮ್ಮ ಕಮಾನಿನ ತಿರುಪು ಸಡಿಲಿಸುತ್ತ ಕೊನೆಗೂ ಈಕೆಯ ಕಡೆ ತಿರುಗಿದಳು. “ನಾನು ಆ ಬೆಳಿಗ್ಗೆ ಇಲ್ಲೇ ಪಾಠ ಹೇಳ್ತಿದ್ದೆ. ಶಿಷ್ಯರನ್ನೆಲ್ಲ ನೀವು ವಿಚಾರಿಸಿದ್ದೂ ಆಯ್ತು. ಇನ್ನೇನು?”

“ವಿಚಾರಿಸಿದ್ದೀನಿ. ನೀವು ಇಲ್ಲೇ ಇದ್ರಿ. ಅದರಲ್ಲಿ ಅನುಮಾನ ಇಲ್ಲ,” ಎಂದಳು ಇನ್‌ಸ್ಪೆಕ್ಟರಮ್ಮ. “ನಾನು ಬಂದಿದ್ದು ಬೇರೆ ವಿಷಯಕ್ಕೆ. ನಿಮಗೆ ಎಷ್ಟು ಜನ ಮಕ್ಕಳು, ಅಮ್ಮಾವ್ರೇ?”

“ಒಬ್ಬ ಮಗ. ಊರಿಗೆಲ್ಲ ಗೊತ್ತಿರೋ ಸಂಗತಿ.”

ಇನ್‌ಸ್ಪೆಕ್ಟರಮ್ಮ ಚೀಲದಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು.

ಆ ಫೋಟೋ ಅವಳ ಕೈಗೆ ಬಂದದ್ದು ನಿನ್ನೆ, ಶಾಲೆಯ ಗೇಟಿನ ಹತ್ತಿರ. ಟೀಚರಮ್ಮ ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ ಶನಿವಾರ ಶನಿವಾರ ನಾಲ್ಕು ಮಕ್ಕಳನ್ನು ಪತ್ರಾಗಾರಕ್ಕೆ ಕರೆತಂದು ಅವರವರ ಮನೆತನದ ಜಾಡು ಹುಡುಕಿಸುತ್ತಿದ್ದಳು. ಮನೆಯಲ್ಲಿ ದೊಡ್ಡವರು ಹೇಳಿದ್ದನ್ನು ಬರೆದುಕೊಂಡು ಬರಬೇಕು, ಆಮೇಲೆ ಹಳೆಯ ದಾಖಲೆಗಳಲ್ಲಿ ಅದು ನಿಜವೇ ಎಂದು ನೋಡಬೇಕು. ಯಾರ ಮುತ್ತಜ್ಜ ದರ್ಜಿ, ಯಾರ ಅಜ್ಜಿ ಎರಡು ಸಲ ಮದುವೆಯಾದವಳು, ಎಲ್ಲ ಹೊರಗೆ ಬರುತ್ತಿತ್ತು. ಮಕ್ಕಳಿಗೆ ಅದು ಕಣ್ಣಾಮುಚ್ಚಾಲೆಯಾಟ. ಸಿಕ್ಕವರನ್ನೆಲ್ಲ ಡ್ರಾಯಿಂಗ್ ಹಾಳೆಯ ಮೇಲೆ ಮರ ಬರೆದು ಕೊಂಬೆಗೆ ತೂಗುಹಾಕುತ್ತಿದ್ದರು. ನಾಲ್ಕು ಮಕ್ಕಳ ನಾಲ್ಕು ಮರಗಳು ನೆಲಮಾಳಿಗೆಯ ಗೋಡೆಯಲ್ಲಿದ್ದವು. ಕೊಲೆಯಾದ ದಿನ ಮೂರೇ ಇದ್ದವು. ನಾಲ್ಕನೆಯದನ್ನು ಯಾರೋ ಅವಸರದಲ್ಲಿ ಕಿತ್ತಿದ್ದರು. ಪಿನ್ನುಗಳ ಅಡಿಯಲ್ಲಿ ಹಾಳೆಯ ಮೂಲೆಗಳಷ್ಟೇ ಉಳಿದಿದ್ದವು.

ಆ ಮರ ಕಡ್ಡಿಯದು. ಕಡ್ಡಿ ಎಂದರೆ ಪಿಟೀಲಮ್ಮನ ಮೊಮ್ಮಗಳು. ಹತ್ತು ವರ್ಷದ, ಗಾಳಿ ಬೀಸಿದರೆ ಹಾರಿಹೋಗುವಂಥ ಹುಡುಗಿ. ಆ ಹೆಸರಿಟ್ಟವರು ಜೊತೆಯ ಮಕ್ಕಳೇ. ಅವಳ ತಾಯಿ ಅತ್ತೆಯ ಕೈಯಲ್ಲಿ ಬಾಳಲಾರದೆ ಮನೆ ಬಿಟ್ಟು ಹೋಗಿದ್ದಳು. ಆ ತಾಯಿಯ ಹೆಸರನ್ನು ಈ ಮನೆಯಲ್ಲಿ ಎತ್ತುವಂತಿರಲಿಲ್ಲ.

ಶಾಲೆಯ ಗೇಟಿನಲ್ಲಿ ಇನ್‌ಸ್ಪೆಕ್ಟರಮ್ಮ ಒಂದು ಮಾತು ಕೇಳಿದ್ದೇ ತಡ, ಹುಡುಗಿ ಪುಸ್ತಕದ ಚೀಲದಿಂದ ಎರಡು ಫೋಟೋ ತೆಗೆದುಕೊಟ್ಟು ಎಲ್ಲವನ್ನೂ ಹೇಳಿದಳು. ಯಾರಾದರೂ ಕೇಳಲಿ ಎಂದೇ ಕಾದು ಕುಳಿತವಳ ಹಾಗೆ ಹೇಳಿದಳು. ತನ್ನಪ್ಪ ಹುಟ್ಟಿದ ವರ್ಷದ ಜನನ ಪುಸ್ತಕ ತೆರೆದಾಗ ಒಂದೇ ತಂದೆ, ಒಂದೇ ತಾಯಿ, ಒಂದೇ ದಿನದ ಕೆಳಗೆ ಎರಡು ಸಾಲು ಕಂಡವಂತೆ: ಒಂದು ಗಂಡು, ಅದರ ಹಿಂದೆಯೇ ಒಂದು ಹೆಣ್ಣು. ಅಪ್ಪನಿಗೆ ಒಬ್ಬಳು ಅವಳಿ ತಂಗಿ ಇದ್ದಳು. ಪಾಪ, ಸತ್ತುಹೋಗಿರಬೇಕು, ಅವಳ ಹೆಸರನ್ನೂ ಒಂದು ಕೊಂಬೆಗೆ ಹಾಕೋಣ ಎಂದು ಟೀಚರಮ್ಮ ಮರಣದ ಪುಸ್ತಕಗಳನ್ನು ತರಿಸಿದಳು. ನಾಲ್ಕೂ ಮಕ್ಕಳು ಪುಟ ಪುಟ ತಡಕಿದರು. ಎಲ್ಲೂ ಇಲ್ಲ. ಹುಟ್ಟಿದವಳು ಸತ್ತಿಲ್ಲ. ಹಾಗಾದರೆ ಹೋದದ್ದೆಲ್ಲಿ?

ಆಗ ಟೀಚರಮ್ಮನಿಗೆ ಹೊಳೆದದ್ದು ಮುಚ್ಚಿಹೋದ ಒಂದು ಅನಾಥಾಲಯದ ಫೋಟೋ ಪೆಟ್ಟಿಗೆಗಳು. ಆ ಅನಾಥಾಲಯದಲ್ಲಿ ವರ್ಷಕ್ಕೊಮ್ಮೆ ಪ್ರತಿ ಮಗುವಿನ ಕೈಗೂ ಒಂದು ಸ್ಲೇಟು ಕೊಟ್ಟು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಸ್ಲೇಟಿನ ಮೇಲೆ ಹೆಸರಿರುತ್ತಿರಲಿಲ್ಲ, ಬರೀ ನಂಬರು. ಮಕ್ಕಳು ಒಂದೊಂದೇ ಫೋಟೋ ನೋಡುತ್ತ ಹೋಗುವಾಗ ಒಬ್ಬ ಹುಡುಗ ಬಿದ್ದು ಬಿದ್ದು ನಕ್ಕನಂತೆ. ‘ಕಡ್ಡಿ, ನೀನ್ಯಾವಾಗ ಇಲ್ಲಿಗೆ ಬಂದಿದ್ದೆ?’ ಎಂದನಂತೆ. ಫೋಟೋದಲ್ಲಿದ್ದದ್ದು ಕಡ್ಡಿಯದೇ ಮುಖ. ಅದೇ ಮೊಂಡು ಗಲ್ಲ, ಅದೇ ಕೂಡುಹುಬ್ಬು. ತಲೆ ಮಾತ್ರ ಬೋಳು.

ಅದೇ ನಂಬರು ಹಿಡಿದು ಹಿಂದೆ ಹಿಂದೆ ಹೋದಾಗ ಆ ಹುಡುಗಿಯ ಮೊದಲ ಫೋಟೋ ಸಿಕ್ಕಿತು. ಪುಟ್ಟ ಮಗು. ಅದರ ಬೆನ್ನಿಗೆ ಎರಡು ಸಾಲು ಬರೆದಿತ್ತು.

ಈಗ ಮೇಜಿನ ಮೇಲಿದ್ದದ್ದು ಹತ್ತು ವರ್ಷದ ಹುಡುಗಿಯ ಫೋಟೋ. ಪಿಟೀಲಮ್ಮ ಕನ್ನಡಕ ಏರಿಸಿ ನೋಡಿದಳು, ಕನ್ನಡಕ ಇಳಿಸಿದಳು.

“ನನ್ನ ಮೊಮ್ಮಗಳು. ಯಾವ ನಾಟಕಕ್ಕೆ ತಲೆ ಬೋಳಿಸಿದ್ರು ಇವಳಿಗೆ?”

ಮುಖದ ಒಂದು ನರವೂ ಅಲುಗಲಿಲ್ಲ. ಇಂಥವರನ್ನು ಇನ್‌ಸ್ಪೆಕ್ಟರಮ್ಮ ಬೇಕಾದಷ್ಟು ನೋಡಿದ್ದಳು. ಗದರಿದರೆ ನಗುತ್ತಾರೆ, ಬೇಡಿಕೊಂಡರೆ ಆಕಳಿಸುತ್ತಾರೆ. ಇವರನ್ನು ಒಡೆಯಬೇಕಾದರೆ ಇವರ ಮನೆಯೊಳಗಿನದೇ ಏನನ್ನಾದರೂ ಕೈಗೆತ್ತಿಕೊಳ್ಳಬೇಕು. ದಾರಿಯಲ್ಲಿ ಬರುವಾಗಲೇ ಅವಳು ಅದನ್ನು ತೀರ್ಮಾನಿಸಿಕೊಂಡಿದ್ದಳು. ಅದು ಸರಿಯೇ ತಪ್ಪೇ ಎಂದು ಯೋಚಿಸಲು ಹೋಗಿರಲಿಲ್ಲ.

“ಮಗೂನ ಸ್ವಲ್ಪ ಕರೀರಿ,” ಎಂದಳು.

ಕರೆಯಬೇಕಾಗಿರಲಿಲ್ಲ. ಕಡ್ಡಿ ಒಳಬಾಗಿಲ ಹಿಂದೆಯೇ ನಿಂತಿದ್ದಳು. ಬಂದು ಮೇಜಿನ ಪಕ್ಕ ಕೈ ಹಿಂದೆ ಕಟ್ಟಿ ನಿಂತಳು, ಪಾಠ ಒಪ್ಪಿಸಲು ನಿಂತವಳ ಹಾಗೆ. ಇನ್‌ಸ್ಪೆಕ್ಟರಮ್ಮ ಎರಡನೆಯ ಫೋಟೋ, ಆ ಪುಟ್ಟ ಮಗುವಿನದು, ಅವಳ ಕೈಗೆ ಕೊಟ್ಟಳು.

“ಹಿಂದೆ ಬರೆದಿರೋದನ್ನ ಓದು ಪುಟ್ಟಾ. ಅಜ್ಜಿಗೆ ಕೇಳೋ ಹಾಗೆ.”

ಹುಡುಗಿ ಅಜ್ಜಿಯ ಮುಖ ನೋಡಿದಳು. ಆಮೇಲೆ ಓದಿದಳು. “ಹುಟ್ಟು ಕಿವುಡಿ. ವಯಸ್ಸು ನಾಲ್ಕು.” ಎರಡನೆಯ ಸಾಲಿಗೆ ಬೆರಳಿಟ್ಟಳು. “ತಂದು ಬಿಟ್ಟವರು ತಾಯಿ.”

ಬೀದಿಯಲ್ಲಿ ಯಾರೋ ಹಳೇ ಕಬ್ಬಿಣ ಕೊಳ್ಳುವವನು ಕೂಗಿಕೊಂಡು ಹೋದ. ಇನ್‌ಸ್ಪೆಕ್ಟರಮ್ಮ ಪಿಟೀಲಮ್ಮನ ಕೈಗಳನ್ನೇ ನೋಡುತ್ತಿದ್ದಳು. ಮುಖ ಸುಳ್ಳು ಹೇಳಬಹುದು, ಪಿಟೀಲು ನುಡಿಸುವವರ ಬೆರಳು ಹೇಳಲಾರವು ಎಂದು ಅವಳ ಲೆಕ್ಕ.

ಲೆಕ್ಕ ತಪ್ಪಿತು. ಬೆರಳುಗಳು ಕಮಾನಿನ ಕೂದಲಿನಿಂದ ಉದುರಿದ ಒಂದು ಎಳೆಯನ್ನು ನಿಧಾನವಾಗಿ ಆರಿಸಿ ಬಿಸಾಡಿದವು.

“ಹೌದು. ನಾನೇ ಬಿಟ್ಟು ಬಂದೆ,” ಎಂದಳು ಪಿಟೀಲಮ್ಮ. ಮನೆಯಲ್ಲಿ ಸಕ್ಕರೆ ಮುಗಿದಿದೆ ಎನ್ನುವ ಧಾಟಿಯಲ್ಲಿ ಎಂದಳು.

ಇನ್‌ಸ್ಪೆಕ್ಟರಮ್ಮ ಬಾಯಿ ತೆರೆಯುವ ಮೊದಲೇ ಕಡ್ಡಿ ಕೇಳಿದಳು. “ಬಿಟ್ಟು ಬರುವಾಗ ಅವರು ಅಳ್ತಿದ್ರಾ, ಅಜ್ಜಿ?”

“ಅತ್ತಳು. ಬೀದಿಗೆಲ್ಲ ಕೇಳೋ ಹಾಗೆ ಅತ್ತಳು. ಅವಳೊಬ್ಬಳಿಗೇ ಕೇಳಿಸ್ಲಿಲ್ಲ.”

ಹುಡುಗಿ ಫೋಟೋವನ್ನು ಹೊಟ್ಟೆಗೆ ಅವುಚಿಕೊಂಡಳು. ಪಿಟೀಲಮ್ಮ ಅವಳನ್ನು ಬಿಟ್ಟು ಇನ್‌ಸ್ಪೆಕ್ಟರಮ್ಮನಿಗೆ ವಿವರಿಸತೊಡಗಿದಳು. ನಾಚಿಕೆಯಿಂದಲ್ಲ, ಒಬ್ಬ ದಡ್ಡ ಶಿಷ್ಯೆಗೆ ಪಾಠ ಬಿಡಿಸಿ ಹೇಳುವ ಹಾಗೆ.

“ನನ್ನ ಮಗ ಮೂರು ವರ್ಷಕ್ಕೇ ಶ್ರುತಿ ಹಿಡೀತಿದ್ದ. ಅಂಥ ಕಿವಿ ನೂರು ವರ್ಷಕ್ಕೊಂದು ಹುಟ್ಟುತ್ತೆ. ಅವಳು ಬಂದು ಅವನ ಪಿಟೀಲಿಗೆ ಗಲ್ಲ ಒತ್ತಿಕೊಂಡು ಕೂರೋಳು. ಸದ್ದು ಕೇಳದಿದ್ರೂ ಅದು ನಡುಗೋದು ತಿಳೀತಿತ್ತಲ್ಲ. ಇವನು ಅವಳಿಗೋಸ್ಕರ ನುಡಿಸೋಕೆ ಶುರು ಮಾಡಿದ. ಶ್ರುತಿ ಕೆಟ್ಟರೆ ಕೆಡಲಿ, ಹೆಚ್ಚು ನಡುಗಲಿ ಅಂತ ಗರಗರ ಉಜ್ಜೋನು. ಅವಳು ನಗೋಳು. ಇನ್ನೊಂದು ವರ್ಷ ಬಿಟ್ಟಿದ್ರೆ ಅವನ ಕೈಯೂ ಕೆಟ್ಟು ಹೋಗ್ತಿತ್ತು. ಇಬ್ಬರಲ್ಲಿ ಒಬ್ಬರನ್ನ ಉಳಿಸ್ಕೊಂಡೆ.”

“ಮಗನಿಗೆ ಏನು ಹೇಳಿದ್ರಿ?”

“ಜ್ವರ ಬಂದು ಸತ್ತಳು ಅಂದೆ. ಒಂದು ತಿಂಗಳು ಪಿಟೀಲು ಮುಟ್ಟಲಿಲ್ಲ. ಆಮೇಲೆ ಮುಟ್ಟಿದ. ಮಕ್ಕಳು ಮರೀತಾರೆ.”

ಕಡ್ಡಿಯ ಗಂಟಲಿನಿಂದ ಸಣ್ಣ ದನಿ ಬಂತು. “ನನಗೂ ಕಿವಿ ಕೇಳಿಸದೇ ಇದ್ದಿದ್ರೆ, ಅಜ್ಜಿ?”

ಪಿಟೀಲಮ್ಮ ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಿನಗೆ ಕೇಳಿಸುತ್ತಲ್ಲ. ಆದ್ರೂ ನುಡಿಸೋದು ಮಾತ್ರ ಅವಳ ಹಾಗೇ ನುಡಿಸ್ತೀಯ.”

ಹುಡುಗಿ ಅಳಲಿಲ್ಲ. ಮುಖದಿಂದ ಬಣ್ಣವೆಲ್ಲ ಇಳಿದುಹೋಯಿತು, ಅಷ್ಟೇ. ಇನ್‌ಸ್ಪೆಕ್ಟರಮ್ಮ ಅದನ್ನು ನೋಡಿದಳು. ಅಜ್ಜಿಯನ್ನು ಒಡೆಯಲೆಂದು ಎತ್ತಿದ ಕಲ್ಲು ಬಂದು ಬಿದ್ದದ್ದು ಮಗುವಿನ ಮೇಲೆ. ಹೋಗು, ಒಳಗೆ ಹೋಗಿ ಆಡಿಕೋ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಆ ಮನೆಯೊಳಗೆ ಆಡುವುದೇನಿದೆ?

ಹೊರಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಕಡ್ಡಿಯ ಅಪ್ಪ ಒಳಗೆ ಬಂದ. ಕಚೇರಿಗಳಲ್ಲಿ ಸಾವಿರಾರು ಜನರ ಎದುರು ನುಡಿಸುವ ಮನುಷ್ಯ, ಈ ಮನೆಯಲ್ಲಿ ಗೋಡೆಯ ಪಕ್ಕ ಪಕ್ಕವೇ ನಡೆಯುತ್ತಿದ್ದ. ಪೊಲೀಸರನ್ನು ಕಂಡು ನಿಂತ. ತಾಯಿಯನ್ನು ಕಂಡ, ಮಗಳನ್ನು ಕಂಡ.

ಇನ್‌ಸ್ಪೆಕ್ಟರಮ್ಮ ಮೇಜಿನ ಮೇಲಿದ್ದ ಫೋಟೋವನ್ನು ಅವನ ಕಡೆ ತಿರುಗಿಸಿಟ್ಟು, ನಿಮ್ಮ ಅವಳಿ ತಂಗಿ ಸತ್ತಿರಲಿಲ್ಲ, ಗೊತ್ತೇ, ಎಂದು ಕೇಳಿದಳು.

ಅವನು ಫೋಟೋ ನೋಡಲಿಲ್ಲ. ತಾಯಿಯ ಮುಖವನ್ನೇ ನೋಡುತ್ತಿದ್ದ.

ಇನ್‌ಸ್ಪೆಕ್ಟರಮ್ಮ ಅದನ್ನು ಗಮನಿಸಿದಳು. ಸತ್ತಳೆಂದು ಬಾಲ್ಯವಿಡೀ ನಂಬಿಸಿದ ತಂಗಿಯ ಫೋಟೋ ಕಣ್ಣೆದುರು ಇಟ್ಟರೆ ಯಾವ ಅಣ್ಣನೂ ಮೊದಲು ಅದನ್ನೇ ನೋಡುತ್ತಾನೆ. ಆ ಮುಖವನ್ನು ಈಗಾಗಲೇ ಕಣ್ತುಂಬ ನೋಡಿದ್ದವನು ಮಾತ್ರ ನೋಡುವುದಿಲ್ಲ.

ಅದೇ ಹೊತ್ತಿಗೆ ಅವಳ ಮೊಬೈಲು ಗುರುಗುಟ್ಟಿತು. ಹೆಡ್ ಕಾನ್‌ಸ್ಟೇಬಲ್. ಅನಾಥಾಲಯ ಮುಚ್ಚಿದಾಗ ದೊಡ್ಡ ಹುಡುಗಿಯರನ್ನು ಒಂದು ಮಹಿಳಾ ನಿಲಯಕ್ಕೆ ಸಾಗಿಸಿದ್ದರು. ಅಲ್ಲಿ ವಿಚಾರಿಸಿಕೊಂಡು ಬಾ ಎಂದು ಅವನನ್ನು ಬೆಳಿಗ್ಗೆಯೇ ಅಟ್ಟಿದ್ದಳು. ಅವನು ಹೇಳಿದ್ದನ್ನು ಕೇಳಿಸಿಕೊಂಡು, ಅದನ್ನೇ ಕೋಣೆಯಲ್ಲಿದ್ದವರಿಗೆಲ್ಲ ಕೇಳುವಂತೆ ತಿರುಗಿ ಹೇಳಿದಳು.

“ಅನಾಥಾಲಯ, ನಿಲಯ ಎರಡೂ ಸೇರಿ ಮೂವತ್ತಾರು ವರ್ಷ ಇದ್ಲು. ಹೋದ ತಿಂಗಳು ಅವಳ ಅಣ್ಣ ಬಂದು ಕರ್ಕೊಂಡು ಹೋದ. ಸರಿ, ಗೊತ್ತಾಯ್ತು.”

“ಯಾರ ಅಣ್ಣ?” ಎಂದಳು ಪಿಟೀಲಮ್ಮ. ಹಾಗೆಂದವಳು ಮಗನ ಕಡೆ ತಿರುಗಿದಳು. ಅಷ್ಟು ಹೊತ್ತು ಕಲ್ಲಿನ ಹಾಗೆ ಕುಳಿತಿದ್ದವಳ ಕೈ ಮೊದಲ ಬಾರಿಗೆ ಹಿಡಿಯಲು ಏನಾದರೂ ಸಿಗುತ್ತದೆಯೇ ಎಂದು ಮೇಜಿನ ಅಂಚನ್ನು ತಡಕಿತು.

“ಸತ್ತಳು ಅಂದಿದ್ದೆ ಅಮ್ಮ ನೀನು,” ಎಂದ ಮಗ.

“ಸತ್ತಿದ್ರೆ ಚೆನ್ನಾಗಿತ್ತು.”

ಅವನು ನಕ್ಕ. ಅದು ನಗುವಿನ ಹಾಗಿರಲಿಲ್ಲ. ಗೋಡೆ ಬಿಟ್ಟು ಕೋಣೆಯ ನಡುವಿಗೆ ಬಂದು, ಇನ್‌ಸ್ಪೆಕ್ಟರಮ್ಮ ಕೇಳುವ ಮೊದಲೇ ಹೇಳತೊಡಗಿದ. ಮಗಳ ಮರದಲ್ಲಿ ತನ್ನ ಹೆಸರಿನ ಪಕ್ಕ ಇನ್ನೊಂದು ಹೆಸರು ಕಂಡ ದಿನವೇ ಟೀಚರಮ್ಮನ ಹತ್ತಿರ ಓಡಿದ್ದ. ಇಬ್ಬರೂ ಸೇರಿ ನಿಲಯವನ್ನು ಹುಡುಕಿದರು. ತಂಗಿಯನ್ನು ಕರೆತಂದು ಒಂದು ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಇಟ್ಟ. ತಾಯಿಗೆ ಹೇಳುವ ಧೈರ್ಯ ಬರಲಿಲ್ಲ. ನಲವತ್ತು ವರ್ಷದ ಗಂಡಸಿಗೆ ಧೈರ್ಯ ಬರಲಿಲ್ಲ ಎಂದು ತಾನೇ ಒತ್ತಿ ಹೇಳಿದ. ಮಗಳಿಗೂ ಹೇಳಲಿಲ್ಲ, ಮಕ್ಕಳ ಬಾಯಲ್ಲಿ ಮಾತು ನಿಲ್ಲುವುದಿಲ್ಲವೆಂದು.

ಆ ಶನಿವಾರ ಮಕ್ಕಳು ಬರುವುದಕ್ಕೆ ಮುಂಚೆ ತಂಗಿಯನ್ನು ಪತ್ರಾಗಾರಕ್ಕೆ ಕರೆದೊಯ್ದಿದ್ದ. ಅವಳ ಫೋಟೋಗಳನ್ನೆಲ್ಲ ಅವಳಿಗೇ ತೋರಿಸಬೇಕೆಂದು ಟೀಚರಮ್ಮನ ಆಸೆ. ಇಬ್ಬರನ್ನೂ ನೆಲಮಾಳಿಗೆಯಲ್ಲಿ ಬಿಟ್ಟು ಅವನು ಎದುರಿನ ಅಂಗಡಿಗೆ ಪಿಟೀಲಿನ ತಂತಿ ತರಲು ಹೋದ.

“ವಾಪಸ್ ಬಂದಾಗ ಟೀಚರಮ್ಮ ಕಾಣ್ಲಿಲ್ಲ. ಕಪಾಟು ಮುಚ್ಚಿಕೊಂಡಿತ್ತು. ಒಂದು ಚಪ್ಪಲಿ ಆಚೆ ಬಿದ್ದಿತ್ತು. ನನ್ನ ತಂಗಿಯ ಎರಡೂ ಕೈ ಚಕ್ರದ ಮೇಲಿತ್ತು.” ಅವನ ದನಿ ಕುಸಿಯಿತು. “ಇನ್ನೊಂದು ಫೋಟೋ ಇರೋ ಕಪಾಟು ತೆರೆಯೋಣ ಅಂತ ತಿರುಗಿಸಿರ್ತಾಳೆ ಮೇಡಂ. ಒಳಗೆ ಒಂದು ಜೀವ ಕೂಗ್ಕೊಳ್ತಿರೋದು ಅವಳಿಗೆ ಎಲ್ಲಿ ಕೇಳಿಸ್ಬೇಕು?”

ಅವಳನ್ನು ಚಕ್ರದಿಂದ ಬಿಡಿಸಿ ಎಳೆದುಕೊಂಡು, ಗೋಡೆಯ ಮೇಲಿನ ಮರವನ್ನು ಕಿತ್ತುಕೊಂಡು, ಹಿಂಬಾಗಿಲಿನಿಂದ ಹೊರಟುಹೋಗಿದ್ದ. ಆ ಮರ ಇದ್ದರೆ ಯಾರಾದರೂ ತಂಗಿಯನ್ನು ಹುಡುಕಿಕೊಂಡು ಬರುತ್ತಾರಲ್ಲ.

“ಬೀಗದಯ್ಯನಿಗೆ ಹೊಡೀತಿದ್ದಾರೆ ಅಂತ ಗೊತ್ತಿತ್ತಾ?”

“ಪೇಪರಲ್ಲಿ ಓದಿದೆ.” ಅವನು ನೆಲ ನೋಡಿದ. “ಅವನು ನನಗೆ ಯಾರೂ ಅಲ್ಲ ಮೇಡಂ. ಇವಳು ನನ್ನ ತಂಗಿ.”

ಪಿಟೀಲಮ್ಮ ಆಗಲೇ ಸುಧಾರಿಸಿಕೊಂಡಿದ್ದಳು. ಕಮಾನನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದಳು.

“ಇನ್ನೇನು, ನಿಮ್ಮ ಕೇಸು ಮುಗೀತಲ್ಲ. ಹೋಗಿ ಹಿಡ್ಕೊಳ್ಳಿ ಅವಳನ್ನ. ಜೈಲಿಗೂ ನಿಲಯಕ್ಕೂ ಅವಳಿಗೇನು ವ್ಯತ್ಯಾಸ ತಿಳಿಯುತ್ತೆ? ಎರಡು ಕಡೆನೂ ನಂಬರೇ.” ಆಮೇಲೆ ಜಗಲಿಯ ಕಡೆ ದನಿಯೆತ್ತಿ ಮುಂದಿನ ಶಿಷ್ಯನನ್ನು ಒಳಗೆ ಬರಹೇಳಿದಳು.

ಲಾಂಡ್ರಿ ಎರಡು ಬೀದಿ ಆಚೆಗಿತ್ತು. ಅಪ್ಪ ಮುಂದೆ, ಹಿಂದೆ ಇನ್‌ಸ್ಪೆಕ್ಟರಮ್ಮ, ಅವಳ ಬೆರಳು ಹಿಡಿದು ಕಡ್ಡಿ. ಮಗುವನ್ನು ಆ ಮನೆಯಲ್ಲಿ ಬಿಟ್ಟು ಬರಲು ಇಬ್ಬರಿಗೂ ಮನಸ್ಸಾಗಿರಲಿಲ್ಲ. ಹುಡುಗಿ ಲಾಂಡ್ರಿಯ ಪಕ್ಕದ ಕಿರಿದಾದ ಮೆಟ್ಟಿಲ ಬುಡದಲ್ಲಿ ನಿಂತು, ನಾನು ಇಲ್ಲೇ ಇರ್ತೀನಿ ಎಂದಳು. ಹೆದರಿಕೊಂಡಿದ್ದಾಳೆ, ಇರಲಿ ಎಂದ ಅಪ್ಪ. ಅವರಿಬ್ಬರೂ ಒಬ್ಬರನ್ನೊಬ್ಬರು ಇನ್ನೂ ನೋಡಿಲ್ಲ ಎಂದೂ ಹೇಳಿದ.

ಮೇಲಿನ ಕೋಣೆಯಲ್ಲಿ ಒಂದು ಮಂಚ, ಒಂದು ಇಸ್ತ್ರಿ ಮೇಜು, ಹೊಸದಾಗಿ ಹೊಲಿಸಿದ ಪರದೆ. ಕೆಳಗೆ ಬಟ್ಟೆ ಒಗೆಯುವ ಯಂತ್ರಗಳು ತಿರುಗಿದಂತೆಲ್ಲ ನೆಲ ಜುಮುಜುಮು ನಡುಗುತ್ತಿತ್ತು. ಬೇರೆ ಯಾರೇ ಆದರೂ ಮೊದಲ ದಿನವೇ ಕೋಣೆ ಖಾಲಿ ಮಾಡುತ್ತಿದ್ದರು. ಆ ಹೆಂಗಸು ಬರಿಗಾಲಲ್ಲಿ ನಿಂತು ಅಂಗಿಯೊಂದಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಕೆನ್ನೆ ಒಳಗೆ ಹೋಗಿತ್ತು, ಕೂದಲು ನರೆತಿತ್ತು. ಮುಖ ಮಾತ್ರ ಅದೇ. ಅಣ್ಣನನ್ನು ಕಂಡು ನಗೆ ಅರಳಿತು. ಅವನ ಹಿಂದಿನ ಖಾಕಿಯನ್ನು ಕಂಡದ್ದೇ ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟು, ಎರಡೂ ಕೈ ಎದೆಯ ಮುಂದೆ ತಂದು, ಇಲ್ಲದ ಸ್ಲೇಟೊಂದನ್ನು ಹಿಡಿದಂತೆ ನೆಟ್ಟಗೆ ನಿಂತುಬಿಟ್ಟಳು.

ಇನ್‌ಸ್ಪೆಕ್ಟರಮ್ಮ ಆ ಕೈಗಳನ್ನು ಮೆಲ್ಲಗೆ ಇಳಿಸಿದಳು. ಟೀಚರಮ್ಮನ ಫೋಟೋ ತೋರಿಸಿದಳು. ಗಾಳಿಯಲ್ಲಿ ಚಕ್ರ ತಿರುಗಿಸುವಂತೆ ಮಾಡಿ, ನೀನಾ ಎಂದು ಹುಬ್ಬಿನಲ್ಲೇ ಕೇಳಿದಳು.

ಹೆಂಗಸು ತಲೆಯಾಡಿಸಿ, ಹೌದು, ನಾನು ಎಂದು ಎದೆ ಮುಟ್ಟಿಕೊಂಡಳು. ಅಣ್ಣ ಮುಖ ಮುಚ್ಚಿಕೊಂಡ.

ಆದರೆ ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ತಾನೂ ಗಾಳಿಯಲ್ಲಿ ಚಕ್ರ ಹಿಡಿದಳು, ಹಲ್ಲು ಕಚ್ಚಿ, ಮೈಯ ಶಕ್ತಿಯನ್ನೆಲ್ಲ ಹಾಕಿ ತಿರುಗಿಸಿ ತೋರಿಸಿದಳು. ಇನ್‌ಸ್ಪೆಕ್ಟರಮ್ಮ ದಿಟ್ಟಿಸಿ ನೋಡಿದಳು. ಆ ನೆಲಮಾಳಿಗೆಯ ಚಕ್ರವನ್ನು ಅವಳು ಹತ್ತಾರು ಸಲ ತಿರುಗಿಸಿ ಪರೀಕ್ಷಿಸಿದ್ದಳು. ಬಲಕ್ಕೆ ತಿರುಗಿಸಿದರೆ ಕಪಾಟು ಮುಚ್ಚುತ್ತದೆ, ಎಡಕ್ಕೆ ತಿರುಗಿಸಿದರೆ ತೆರೆಯುತ್ತದೆ.

ಹೆಂಗಸಿನ ಕೈಗಳು ಎಡಕ್ಕೆ ತಿರುಗುತ್ತಿದ್ದವು.

“ನಿಮ್ಮ ತಂಗಿ ಕಪಾಟು ಮುಚ್ಚುತ್ತಿರ್ಲಿಲ್ಲ,” ಎಂದಳು ಇನ್‌ಸ್ಪೆಕ್ಟರಮ್ಮ. “ತೆಗೀತಿದ್ಲು.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಕೇಳಿದ್ದು ಒಂದೇ: ಆಗ ಟೀಚರಮ್ಮನಿಗೆ ಜೀವ ಇತ್ತಾ?

ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ಹೇಳಿದ್ದು ಇನ್‌ಸ್ಪೆಕ್ಟರಮ್ಮನ ನೆನಪಿನಲ್ಲಿ ಚೆನ್ನಾಗಿತ್ತು. ಹೇಳದೆ ಇರಬಹುದಿತ್ತು. ಆದರೆ ಲಾಕಪ್ಪಿನಲ್ಲಿ ಬೀಗದಯ್ಯ ಎಲ್ಲದಕ್ಕೂ ಹೌದು ಹೌದು ಎನ್ನುತ್ತಿದ್ದದ್ದು ಅವಳ ಕಿವಿಯಲ್ಲಿತ್ತು.

“ಇತ್ತು. ಸುಮಾರು ಹೊತ್ತು ಇತ್ತು. ನೀವು ತಂಗೀನ ಚಕ್ರದಿಂದ ಬಿಡಿಸ್ಕೊಂಡು ಹೋಗದೇ ಇದ್ದಿದ್ರೆ ಬದುಕ್ತಿದ್ರೋ ಏನೋ.”

ಅವನು ಮಂಚದ ಮೇಲೆ ಕುಸಿದ. ತಂಗಿ ಓಡಿಹೋಗಿ ಅವನ ತಲೆ ಹಿಡಿದುಕೊಂಡಳು, ಏನಾಯಿತೆಂದು ತಿಳಿಯದೆ ಒಬ್ಬರ ಮುಖದಿಂದ ಒಬ್ಬರ ಮುಖಕ್ಕೆ ನೋಡಿದಳು. ಇನ್‌ಸ್ಪೆಕ್ಟರಮ್ಮ ಅವಳ ಭುಜ ತಟ್ಟಿ ತನ್ನ ಕಡೆ ತಿರುಗಿಸಿಕೊಂಡಳು. ಗಾಳಿಯಲ್ಲಿ ಚಕ್ರವನ್ನು ಬಲಕ್ಕೆ ತಿರುಗಿಸಿ, ಕೈ ಬಿಚ್ಚಿ ತೋರಿಸಿದಳು. ಹಾಗಾದರೆ ಇದು ಯಾರು?

ಹೆಂಗಸು ಸ್ವಲ್ಪ ಹಿಂಜರಿದಳು. ಆಮೇಲೆ ಎಡಗೈ ಚಾಚಿ, ಗಲ್ಲವನ್ನು ಭುಜಕ್ಕೊತ್ತಿ, ಬಲಗೈಯನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದಳು.

ಪಿಟೀಲು.

ಪಿಟೀಲಮ್ಮ ಆ ಬೆಳಿಗ್ಗೆ ಮನೆಯಿಂದ ಹೊರಬಿದ್ದಿರಲಿಲ್ಲ. ಅದಕ್ಕೆ ಒಂದು ಕೋಣೆ ತುಂಬ ಸಾಕ್ಷಿಗಳಿದ್ದರು. ಮಂಚದ ಮೇಲಿರುವ ಇವನೇ? ಇನ್‌ಸ್ಪೆಕ್ಟರಮ್ಮ ಅವನತ್ತ ಬೆರಳು ತೋರಿದಳು. ಹೆಂಗಸು ಗಾಬರಿಯಿಂದ ತಲೆ ಅಲ್ಲಾಡಿಸಿ, ಅಂಗೈಯನ್ನು ಮಟ್ಟಸವಾಗಿ ಚಾಚಿ ತನ್ನ ಎದೆಯ ಎತ್ತರಕ್ಕೆ ಹಿಡಿದಳು. ಇಷ್ಟೇ ಎತ್ತರ.

ಒಂದು ಮಗು. ಪೆಟ್ಟಿಗೆ ಹಿಡಿದು ಪಾಠಕ್ಕೆ ಬರುವ ಮಕ್ಕಳು ಪಿಟೀಲಮ್ಮನ ಮನೆಯಲ್ಲಿ ಬೇಕಾದಷ್ಟು. ಅವರಲ್ಲಿ ಯಾರನ್ನು ಅವಳು ಅಲ್ಲಿಗೆ ಅಟ್ಟಿರಬಹುದು? ಹೊಡೆತಕ್ಕೆ ಹೆದರಿ ಹೇಳಿದ್ದನ್ನು ಮಾಡುವ ಮಗು ಯಾವುದು? ಇನ್‌ಸ್ಪೆಕ್ಟರಮ್ಮ ಒಬ್ಬೊಬ್ಬರ ಮುಖವನ್ನೇ ಮನಸ್ಸಿಗೆ ತಂದುಕೊಳ್ಳುತ್ತಿದ್ದಾಗ, ಎದುರಿದ್ದ ಹೆಂಗಸಿನ ಕಣ್ಣು ಅವಳ ಭುಜದಾಚೆಗೆ ಸರಿದು ಅಲ್ಲೇ ನಿಂತಿತು. ಚಾಚಿದ ಅಂಗೈ ಹಾಗೆಯೇ ಉಳಿಯಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು ಹೆಜ್ಜೆ. ಬೆನ್ನು ಗೋಡೆಗೆ ತಾಗಿತು.

ಇನ್‌ಸ್ಪೆಕ್ಟರಮ್ಮ ತಿರುಗಿದಳು. ಬಾಗಿಲಲ್ಲಿ ಕಡ್ಡಿ ನಿಂತಿದ್ದಳು. ಮೆಟ್ಟಿಲು ಹತ್ತಿ ಬಂದದ್ದು ಯಾರಿಗೂ ಕೇಳಿಸಿರಲಿಲ್ಲ.

ಒಬ್ಬರನ್ನೊಬ್ಬರು ಇನ್ನೂ ನೋಡಿಲ್ಲ ಎಂದಿದ್ದ ಅಪ್ಪ. ಆ ಬೆಳಿಗ್ಗೆ ನೀನೆಲ್ಲಿದ್ದೆ ಎಂದು ಈ ಮಗುವನ್ನು ಯಾರೂ ಕೇಳಿರಲಿಲ್ಲ, ಇನ್‌ಸ್ಪೆಕ್ಟರಮ್ಮ ಸಹ. ಶಾಲೆಯ ಗೇಟಿನಲ್ಲಿ ಅವಳೇ ಕಾದು ಕುಳಿತು ಹೇಳಿದ ಅಜ್ಜಿಯ ಕಥೆಯನ್ನಷ್ಟೇ ಕೇಳಿಸಿಕೊಂಡು ಬಂದಿದ್ದಳು.

ಹುಡುಗಿ ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು. ಆಮೇಲೆ ಇನ್‌ಸ್ಪೆಕ್ಟರಮ್ಮನ ಮುಖ ನೋಡಿ, ಶಾಲೆಯಲ್ಲಿ ಸಂದೇಹ ಕೇಳುವವಳಂತೆ ಕೇಳಿದಳು.

“ಮಾತು ಬಾರದವರು ಹೇಳೋ ಸಾಕ್ಷಿ ಕೋರ್ಟಲ್ಲಿ ನಡೆಯುತ್ತಾ, ಮೇಡಂ?”